ಸರೋವರದ ತಳದಲ್ಲೊಂದು ವಿಮಾನನಿಲ್ದಾಣ

ಹಿಂದೆ ಹಡಗುಗಳು ತೇಲುತ್ತಿದ್ದೆಡೆಯಲ್ಲಿ ಈಗ ವಿಮಾನಗಳು ಇಳಿಯುತ್ತಿರುವುವೆಂದರೆ ವಾಚಕರು ಅದನ್ನು ಕಟ್ಟುಕಥೆಯೆಂದು ಎಣಿಸಬಹುದು. ಆದರೆ ಹಾಲೆಂಡಿನ ಆಮ್‌ಸ್ಟರ್‌ಡ್ಯಾಮ್ ನಗರದ ಬಳಿಯಿರುವ ಸ್ಕಿಪೋಲ್ ನಿಲ್ದಾಣದ ವಿಷಯದಲ್ಲಿ ಇದು ನಿಜವಾದ ಮಾತು.

ಅಲ್ಲಿ ಪೂರ್ವದಲ್ಲಿ ಹಾರ್ಲೆಮ್ಮರ್‌ಮೇರ್ ಎಂಬ ಮಹಾಸರೋವರವಿದ್ದಿತು. ಬಿರುಗಾಳಿಯೆದ್ದಾಗಲೆಲ್ಲಾ ಅದು ದಡದ ನೆಲವನ್ನು ಕಬಳಿಸುತ್ತಿದ್ದುದರಿಂದ ಜನರು ಅದನ್ನು 'ನೀರಿನ ತೋಳ'ವೆಂದು ಕರೆಯುತ್ತಿದ್ದರು. 1836ರಲ್ಲಿ ಅದರ ನೀರು ಆಮ್‌ಸ್ಟರ್‌ಡ್ಯಾಮ್, ಲೈಡನ್ ನಗರಗಳ ಬಾಗಿಲವರೆಗೂ ನುಗ್ಗಿತು. ಇನ್ನು ಸಹಿಸಲಾಗದೆಂದು ಡಚ್ಚರು ಸುತ್ತಲೂ ಏರಿಯನ್ನು ಕಟ್ಟಿ, ಕಾಲುವೆಯನ್ನು ತೋಡಿ, ಮೂರು ಕಡೆಗಳಲ್ಲಿ ಉಗಿಯಂತ್ರಗಳನ್ನು ಹೂಡಿ, 1852ರ ವೇಳೆಗೆ ಸರೋವರವನ್ನೇ ಬತ್ತಿಸಿಬಿಟ್ಟರು. ತಳವು ಹೊಲವಾಯಿತು, ಹೊಲದ ಒಂದು ಭಾಗವು 1916ರಲ್ಲಿ ಸೈನ್ಯದ ವಿಮಾನಗಳಿಗೆ ಬಯಲಾಯಿತು. 1920ರ ಮೇ ತಿಂಗಳಿನಲ್ಲಿ ಕೆ.ಎಲ್.ಎಂ. ಸಂಸ್ಥೆಯ ಮೊದಲ ವಿಮಾನವು ಲಂಡನ್ನಿನಿಂದ ಬಂದು ಇಲ್ಲಿ ಇಳಿಯಿತು. 1940ರ ಮೇ ತಿಂಗಳಿನಲ್ಲಿ ಜರ್ಮನರ ಬಾಂಬುಗಳಿಗೆ ಸಿಕ್ಕಿ ಹಾಳಾದ ನಿಲ್ದಾಣವು ಯುದ್ಧಾನಂತರ ಮರಳಿ ಎದ್ದಿತು. ಇಂದಿನ ಕಟ್ಟಡದ ಮೂಲಭಾಗವು 1967ರದು.

ಈ ನೆಲವು ಸಮುದ್ರಮಟ್ಟಕ್ಕಿಂತ ಸುಮಾರು ಹತ್ತು ಅಡಿ ಕೆಳಗಿರುವುದು. ಆದುದರಿಂದ ನೀರೆತ್ತುವ ಯಂತ್ರಗಳಿಗೆ ಇಂದಿಗೂ ಬಿಡುವಿಲ್ಲ.

ಇಲ್ಲಿನ ಸೌಕರ್ಯಗಳಲ್ಲಿ ನಾವು ಮುಖ್ಯವೆಂದೆಣಿಸುವುದು, ಪ್ರಯಾಣಿಕರ ಕಟ್ಟಡವೆಲ್ಲವೂ ಒಂದೇ ಸೂರಿನಡಿಯಲ್ಲಿರುವುದು. ವಿಮಾನವನ್ನು ಬದಲಾಯಿಸುವವರು ಮತ್ತೊಂದು ಕಟ್ಟಡಕ್ಕೆ ಅಲೆಯಬೇಕಾಗಿಲ್ಲ. ಆದರೆ ಒಳಗಿನ ನಡಿಗೆ ಮಾತ್ರ ಅಲ್ಪವಲ್ಲ. ಆರು ಓಡುದಾರಿಗಳಲ್ಲಿ 2003ರಲ್ಲಿ ತೆರೆದ ಪೋಲ್ಡರ್‌ಬಾನ್ ಬಹುದೂರದಲ್ಲಿರುವುದರಿಂದ, ಅಲ್ಲಿ ಇಳಿದ ವಿಮಾನವು ಕಟ್ಟಡವನ್ನು ಸೇರಲು ಹತ್ತು ನಿಮಿಷಕ್ಕೂ ಹೆಚ್ಚು ಉರುಳಬೇಕಾಗುವುದುಂಟು. ಕಟ್ಟಡದ ಅಡಿಯಲ್ಲಿಯೇ ರೈಲುನಿಲ್ದಾಣವಿದೆ. ಅಲ್ಲಿಂದ ಸುಮಾರು ಕಾಲು ಗಂಟೆಯಲ್ಲಿ ಆಮ್‌ಸ್ಟರ್‌ಡ್ಯಾಮಿನ ನಡುವೂರನ್ನು ಸೇರಬಹುದು. ರಾಟರ್‌ಡ್ಯಾಮ್, ಬ್ರಸೆಲ್ಸ್, ಪ್ಯಾರಿಸ್ ನಗರಗಳಿಗೂ ನೇರವಾದ ರೈಲುಗಳುಂಟು.

2017ರಲ್ಲಿ ಬೆಂಗಳೂರಿನಿಂದ ಇಲ್ಲಿಗೆ ನೇರವಾದ ವಿಮಾನಸಂಚಾರವು ಆರಂಭವಾದುದರಿಂದ ನಮ್ಮವರಿಗೂ ಈ ಸ್ಥಳವು ಪರಿಚಿತವಾಗತೊಡಗಿತು. ಮಕ್ಕಳನ್ನು ನೋಡಲು ಹೊರಟ ವೃದ್ಧ ತಂದೆತಾಯಿಗಳು ಒಂದು ಸಂಗತಿಯನ್ನು ನೆನಪಿಡುವುದೊಳ್ಳೆಯದು. ಇಲ್ಲಿಂದ ಅಮೆರಿಕಕ್ಕೆ ಹೋಗುವವರು ಹಾಲೆಂಡಿನ ಗಡಿತಪಾಸಣೆಯನ್ನು ದಾಟಬೇಕಾಗಿಲ್ಲ; ಆದರೆ ಜರ್ಮನಿ, ಇಟಲಿ ಮೊದಲಾದ ಷೆಂಗೆನ್ ಒಪ್ಪಂದದ ದೇಶಗಳಿಗೆ ಹೋಗುವವರ ಪಾಸ್‌ಪೋರ್ಟನ್ನು ಇಲ್ಲಿಯೇ ಪರೀಕ್ಷಿಸುವರು. ಆದುದರಿಂದ ಟಿಕೆಟ್ ಕೊಳ್ಳುವಾಗಲೇ ಎರಡು ವಿಮಾನಗಳ ನಡುವೆ ಸಾಕಷ್ಟು ಅವಕಾಶವಿರುವಂತೆ ನೋಡಿಕೊಳ್ಳಬೇಕು. ನಡೆಯಲಾರದವರು ಗಾಲಿಕುರ್ಚಿಯ ಸಹಾಯವನ್ನು ಮುಂಗಡವಾಗಿಯೇ ಕೇಳಿಡುವುದು ಯುಕ್ತ.

ಇಷ್ಟೆಲ್ಲಾ ಸೌಕರ್ಯಕ್ಕೆ ಬೆಲೆ ತೆರುವವರೂ ಇದ್ದಾರೆ. ಸುತ್ತಲಿನ ಊರುಗಳಲ್ಲಿ ವಿಮಾನಗಳ ಸದ್ದಿನಿಂದ ರಾತ್ರಿಯ ನಿದ್ರೆಗೆ ಭಂಗ ಬರುತ್ತಿರುವುದೆಂಬ ದೂರು ಬಹುಕಾಲದ್ದು. ಸಂಚಾರಕ್ಕೆ ಮಿತಿಯಿರಬೇಕೆಂದು ಜನರೂ, ವ್ಯಾಪಾರಕ್ಕೆ ಕುಂದು ಬರಬಾರದೆಂದು ಸಂಸ್ಥೆಗಳೂ ವಾದಿಸುತ್ತಿರುವುವು. ಸರಕಾರವು ಇವೆರಡರ ನಡುವೆ ಸಿಲುಕಿದೆ. ನೀರನ್ನು ಏರಿ ಕಟ್ಟಿ ತಡೆದ ಜನರಿಗೆ ಸದ್ದನ್ನು ತಡೆಯುವುದು ಅಷ್ಟು ಸುಲಭವಾಗಿಲ್ಲ. ಆ ದಾರಿಯಲ್ಲಿ ಹಾದುಹೋಗುವ ನಾವೂ ಕಿಟಕಿಯ ಹೊರಗೆ ಕಾಣುವ ಕಾಲುವೆಗಳನ್ನೂ ಹೊಲಗಳನ್ನೂ ಮನೆಗಳನ್ನೂ ಒಮ್ಮೆ ಗಮನವಿಟ್ಟು ನೋಡತಕ್ಕದ್ದು.