ತಪ್ಪಲಿಲ್ಲದ ಬೆಟ್ಟಗಳ ಎದುರು

ಮೊದಲು ದಿಣ್ಣೆ, ಆಮೇಲೆ ಗುಡ್ಡ, ಕೊನೆಗೆ ಶಿಖರ. ಮುಳ್ಳಯ್ಯನಗಿರಿಗೆ ಹೋದರೂ ಕುಮಾರಪರ್ವತಕ್ಕೆ ಹೋದರೂ ಕ್ರಮ ಇದೇ. ಅಮೆರಿಕದ ವಯೋಮಿಂಗ್ ರಾಜ್ಯದ ಟೀಟನ್ ಪರ್ವತಗಳಿಗೆ ಮಾತ್ರ ಈ ಶಿಷ್ಟಾಚಾರ ಗೊತ್ತಿಲ್ಲ. ಚಪ್ಪಟೆ ಬಯಲು, ಅದರ ತುಂಬ ಬೂದುಹಸಿರು ಪೊದೆಗಳು, ಅದರಾಚೆ ಥಟ್ಟನೆ ಎರಡು ಸಾವಿರ ಮೀಟರಿಗೂ ಮಿಕ್ಕಿ ಎದ್ದು ನಿಂತ ಕಲ್ಲಿನ ಗೋಡೆ! ಅತಿ ಎತ್ತರದ ಗ್ರ್ಯಾಂಡ್ ಟೀಟನ್ ಶಿಖರ 4,199 ಮೀಟರ್. ಕೆಳಗಿನ ಬಯಲೇ ನಮ್ಮ ಮುಳ್ಳಯ್ಯನಗಿರಿಗಿಂತ ಎತ್ತರದಲ್ಲಿದೆ.

2019ರ ಜುಲೈ ತಿಂಗಳು. ಸಾಲ್ಟ್ ಲೇಕ್ ಸಿಟಿಯಲ್ಲಿರುವ ಮಗ ಒಂದು ಆರ್.ವಿ. ಬಾಡಿಗೆಗೆ ತಂದ. ಲಾರಿಯ ಮೇಲೆ ಮನೆ ಕಟ್ಟಿದಂತಿರುವ ಗಾಡಿ ಅದು. ಮಂಚ, ಒಲೆ, ಫ್ರಿಜ್ಜು, ಬಚ್ಚಲು, ಕಕ್ಕಸು ಎಲ್ಲ ಒಳಗೇ. ಒಳ್ಳೆಯ ನೀರಿಗೊಂದು ಟ್ಯಾಂಕು, ಬಚ್ಚಲ ನೀರಿಗೊಂದು, ಕಕ್ಕಸಿನದಕ್ಕೆ ಇನ್ನೊಂದು. ಕೊನೆಯದನ್ನು ಎರಡು ದಿನಕ್ಕೊಮ್ಮೆ ದಪ್ಪ ಕೊಳವೆ ಜೋಡಿಸಿ ನಾವೇ ಖಾಲಿ ಮಾಡಬೇಕು. ಇಂಜಿನಿಯರ್ ಮಗ ಕೈಗವಸು ತೊಟ್ಟು ಆ ಕೆಲಸ ಮಾಡುವುದನ್ನು ನೋಡಿ ಅವನ ತಾಯಿಗೆ ಸಂಕಟ, ನನಗೆ ಒಳಗೊಳಗೇ ಸಂತೋಷ. ಅಷ್ಟು ಎತ್ತರದಲ್ಲಿ ನೀರು 93 ಡಿಗ್ರಿಗೇ ಕುದಿಯುವುದರಿಂದ ಪಾತ್ರೆಯಲ್ಲಿ ಬೇಳೆ ಬೇಯದು. ಊರಿನಿಂದ ಒಯ್ದಿದ್ದ ಕುಕ್ಕರ್ ನಮ್ಮ ಮಾನ ಉಳಿಸಿತು.

ನಾವು ಐದು ಜನ. ಆರನೆಯದು ಚಿನ್ನಿ, ಒಂಬತ್ತು ವರ್ಷದ ಲ್ಯಾಬ್ರಡಾರ್. ಈ ರಾಷ್ಟ್ರೀಯ ಉದ್ಯಾನದಲ್ಲಿ ನಾಯಿಗೆ ಕಟ್ಟುನಿಟ್ಟು ಬಹಳ. ಆರು ಅಡಿ ಹಗ್ಗ ಕಟ್ಟಿರಬೇಕು, ರಸ್ತೆಯಿಂದ ಮೂವತ್ತು ಅಡಿ ದಾಟಬಾರದು, ಕಾಲುದಾರಿಗಳಲ್ಲಿ ಪ್ರವೇಶವೇ ಇಲ್ಲ. ಕರಡಿ, ತೋಳ, ಕಾಡೆಮ್ಮೆಗಳ ಸೀಮೆಯಲ್ಲಿ ಇದು ನ್ಯಾಯವೇ. ಆದರೆ ಒಳ್ಳೆಯ ಚಿತ್ರಗಳೆಲ್ಲ ಕಾಲುದಾರಿಯ ಕೊನೆಗಿರುತ್ತವೆ ಎಂಬುದು ಕ್ಯಾಮೆರಾ ಹಿಡಿದವರ ಹಳೆಯ ಮೂಢನಂಬಿಕೆ.

ಎರಡನೆಯ ಮಧ್ಯಾಹ್ನ ಟ್ಯಾಗರ್ಟ್ ಸರೋವರಕ್ಕೆ ಹೊರಟೆವು. ಹೋಗಿಬರಲು ಐದು ಕಿಲೋಮೀಟರ್. "ನಾನು ಚಿನ್ನಿ ಜೊತೆ ಇರ್ತೀನಿ, ಮಾವ, ನೀವು ಹೋಗಿಬನ್ನಿ" ಎಂದಳು ಸೊಸೆ. "ಎ.ಸಿ. ಇದೆಯಲ್ಲಮ್ಮ, ಅದು ತಣ್ಣಗೆ ಮಲಗಿರುತ್ತೆ, ನೀನೂ ಬಾ" ಎಂದವನು ನಾನೇ. ಕಿಟಕಿ ಮುಚ್ಚಿ, ಜನರೇಟರ್ ಹಾಕಿ ನಡೆದೆವು. ಸರೋವರದಲ್ಲಿ ಶಿಖರದ ನೆರಳು ನಿಲ್ಲಲೆಂದು, ಗಾಳಿ ಅಡಗುವವರೆಗೆ ಎಲ್ಲರನ್ನೂ ಕಾಯಿಸಿದವನೂ ನಾನೇ.

ವಾಪಸು ಬಂದಾಗ ಜನರೇಟರಿನ ಸದ್ದಿರಲಿಲ್ಲ. ಬಾಗಿಲು ತೆರೆದರೆ ಮುಖಕ್ಕೆ ಬಿಸಿಗಾಳಿ ಹೊಡೆಯಿತು. ಚಿನ್ನಿ ಬಚ್ಚಲಿನ ನೆಲಕ್ಕೆ ಹೊಟ್ಟೆ ಅಂಟಿಸಿ ಬಿದ್ದಿತ್ತು. ನಾಲಗೆ ಕೆಂಪಗೆ ಜೋತಿತ್ತು, ಹೆಸರು ಕರೆದರೂ ತಲೆ ಎತ್ತಲಿಲ್ಲ. ನಮ್ಮಂತೆ ಮೈಯೆಲ್ಲ ಬೆವರಿ ತಂಪಾಗುವ ಅನುಕೂಲ ನಾಯಿಗಿಲ್ಲ. ಏದುಸಿರೇ ಅದರ ಮುಖ್ಯ ಉಪಾಯ. ಸುತ್ತಲಿನ ಗಾಳಿಯೇ ಕಾದರೆ ಅದೂ ಸಾಲದು. ಮಗ ಅದನ್ನು ಎತ್ತಿ ಮರದ ನೆರಳಿಗೆ ತಂದ. ಟ್ಯಾಂಕಿನ ನೀರನ್ನು ಹೊಟ್ಟೆಗೆ, ತೊಡೆಸಂದಿಗೆ, ಪಾದಗಳಿಗೆ ಸುರಿದೆವು. ಸೊಸೆ ನಕಾಶೆಯ ಹಾಳೆಯಿಂದ ಬೀಸಿದಳು. ಅವಳು ನನಗೆ ಒಂದು ಮಾತೂ ಅನ್ನಲಿಲ್ಲ.

ಆದದ್ದು ಇಷ್ಟೆ. ಜನರೇಟರ್ ಗಾಡಿಯ ಪೆಟ್ರೋಲ್ ಟ್ಯಾಂಕಿನಿಂದಲೇ ಎಣ್ಣೆ ಎಳೆದುಕೊಳ್ಳುತ್ತದೆ. ಟ್ಯಾಂಕು ಸುಮಾರು ಕಾಲು ಭಾಗಕ್ಕಿಳಿದರೆ, ಗಾಡಿ ಮುಂದಿನ ಪಂಪು ಮುಟ್ಟಲಿ ಎಂದು, ತಾನಾಗಿ ನಿಲ್ಲುತ್ತದೆ. ಗಾಡಿ ಕೊಡುವಾಗ ಇದನ್ನು ಹೇಳಿದ್ದರು. ಆಗ ನಾನು ಲೆನ್ಸ್ ಒರೆಸುತ್ತಿದ್ದೆ. "ತಾತ, ಗಾಜಿನೊಳಗೆ ಬಿಸಿಲು ಬಂದು ಸೀಟು ಕಾಯುತ್ತೆ, ಕಾದ ಗಾಳಿಗೆ ಹೊರಗೆ ಹೋಗೋ ದಾರಿ ಇಲ್ಲ ಅಂತ ನೀವೇ ಹೇಳಿಕೊಟ್ಟಿದ್ರಲ್ಲ?" ಎಂದ ಹತ್ತು ವರ್ಷದ ಮೊಮ್ಮಗ. ಹೊರಗೆ ಹಿತವಾದ 24 ಡಿಗ್ರಿ ಇದ್ದರೂ ಬಿಸಿಲಲ್ಲಿ ನಿಂತ ಮುಚ್ಚಿದ ಕಾರು ಅರ್ಧ ಗಂಟೆಯಲ್ಲಿ 40 ದಾಟುತ್ತದೆ. ಎಷ್ಟೋ ವರ್ಷ ಬೋರ್ಡಿನ ಮೇಲೆ ಬರೆದು ತೋರಿಸಿದ ಪಾಠ. ಹುಡುಗನಿಗೆ ಉತ್ತರ ಕೊಡಲಾಗಲಿಲ್ಲ.

ಸುಮಾರು ಇಪ್ಪತ್ತು ನಿಮಿಷದ ಮೇಲೆ ಚಿನ್ನಿ ಬಾಲದ ತುದಿ ಅಲ್ಲಾಡಿಸಿತು. ಆ ಸಂಜೆಯೇ ಜಾಕ್ಸನ್ ಪಟ್ಟಣದಲ್ಲಿ ಪಶುವೈದ್ಯರಿಗೆ ತೋರಿಸಿದೆವು. ರಾತ್ರಿ ಮೊಸರನ್ನ ತಿಂದಿತು.

ಮಾರನೆಯ ದಿನ ನಸುಕಿನಲ್ಲಿ ಎಲ್ಲರೂ, ಚಿನ್ನಿಯೂ ಸೇರಿ, ಸ್ನೇಕ್ ನದಿಯ ನೋಟತಾಣಕ್ಕೆ ಹೋದೆವು. ಅದು ರಸ್ತೆಯ ಬದಿಗೇ ಇದೆ. 1942ರಲ್ಲಿ ಆನ್ಸೆಲ್ ಆಡಮ್ಸ್ ಇಲ್ಲಿಂದ ತೆಗೆದ ಕಪ್ಪುಬಿಳುಪು ಚಿತ್ರ ಜಗತ್ಪ್ರಸಿದ್ಧ. 1977ರಲ್ಲಿ ಹಾರಿಸಿದ ವಾಯೇಜರ್ ನೌಕೆಗಳಲ್ಲಿಟ್ಟ ಚಿನ್ನದ ಲೇಪದ ತಟ್ಟೆಯಲ್ಲಿ ಆ ಚಿತ್ರವೂ ಇದೆ. ಅದೇ ತಟ್ಟೆಯಲ್ಲಿ 55 ಭಾಷೆಗಳ ಶುಭಾಶಯಗಳಿವೆ, ಅವುಗಳಲ್ಲಿ ನಮ್ಮ ಕನ್ನಡವೂ ಒಂದು! ಈಗ ಮರಗಳು ಎತ್ತರ ಬೆಳೆದು, ಆಡಮ್ಸ್ ಕಂಡ ನದಿಯ ತಿರುವು ಅರ್ಧ ಮರೆಯಾಗಿದೆ.

ಬೆಳಕಿಗೆ ಕಾಯುತ್ತ ಮೊಮ್ಮಗನಿಗೆ ತಪ್ಪಲಿಲ್ಲದ ಕಾರಣ ಹೇಳಿದೆ. ಇಲ್ಲಿ ಭೂಮಿಯ ಚಿಪ್ಪು ಬಿರುಕುಬಿಟ್ಟು, ಪಶ್ಚಿಮದ ಹೋಳು ಮೇಲೆದ್ದಿತು, ಪೂರ್ವದ ಹೋಳು ಕುಸಿಯಿತು. ಮೌಂಟ್ ಮೋರನ್ ಶಿಖರದ ನೆತ್ತಿಯಲ್ಲಿರುವ ಮರಳುಗಲ್ಲಿನ ಪದರವೇ ಈ ಬಯಲಿನ ಅಡಿಯಲ್ಲಿ ಸಾವಿರಾರು ಮೀಟರ್ ಆಳದಲ್ಲಿ ಹೂತಿದೆ. ಕಲ್ಲಿಗೆ 270 ಕೋಟಿ ವರ್ಷದವರೆಗೆ ವಯಸ್ಸು, ಬೆಟ್ಟ ಎದ್ದು ಒಂದು ಕೋಟಿಯೂ ಆಗಿಲ್ಲ. "ಹಾಗಾದರೆ ಲಾಲ್‌ಬಾಗ್ ಬಂಡೆ?" ಎಂದ. ಅದು ಇದಕ್ಕೂ ಹಿರಿದು, ಸುಮಾರು 300 ಕೋಟಿ.

ಅಷ್ಟರಲ್ಲಿ ಗ್ರ್ಯಾಂಡ್ ಟೀಟನ್‌ನ ತುದಿಗೆ ಗುಲಾಬಿ ಬೆಳಕು ಹತ್ತಿತು. ಕ್ಯಾಮೆರಾ ಸೊಸೆಯ ಕೈಯಲ್ಲಿತ್ತು, ಹಗ್ಗ ನನ್ನ ಕೈಯಲ್ಲಿ. ಮನೆಯ ಗೋಡೆಯ ಮೇಲಿರುವುದು ಅವಳು ತೆಗೆದ ಚಿತ್ರ. ಕೆಳಗಿನ ಮೂಲೆಯಲ್ಲಿ ಒಂದು ಕಂದು ಕಿವಿ ಅಡ್ಡ ಬಂದಿದೆ.