ಹೊಳೆ ಇಳಿದ ಮೇಲೆ



2019ರ ಆಗಸ್ಟ್ ತಿಂಗಳಿನಲ್ಲಿ ಕೃಷ್ಣೆಯೂ ಘಟಪ್ರಭೆಯೂ ಉಕ್ಕಿ ಹರಿದು ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿ ಭಾಗದ ನದಿತೀರದ ಹಳ್ಳಿಗಳು ಜಲಾವೃತವಾದುದನ್ನು ನೀವು ಮರೆತಿರಲಾರಿರಿ. ನಮ್ಮ ಜನ ಅದನ್ನು ಪ್ರವಾಹವೆನ್ನುವುದಿಲ್ಲ. 'ಹೊಳಿ ಬಂತು' ಎನ್ನುತ್ತಾರೆ. 2021ರ ಜುಲೈಯಲ್ಲಿ ಕೃಷ್ಣೆ ಮತ್ತೆ ಏರಿದಳು. ಕುಸಿದ ಮನೆ, ಕೊಳೆತ ಕಬ್ಬು, ಸತ್ತ ದನ ಇವೆಲ್ಲ ಸಮೀಕ್ಷೆಯ ಲೆಕ್ಕಕ್ಕೆ ಸಿಗುತ್ತವೆ. ಮನಸ್ಸಿಗಾದ ಪೆಟ್ಟು ಸಿಗುವುದಿಲ್ಲ.

ನೀರು ಇಳಿದು ಎಷ್ಟೋ ತಿಂಗಳಾದರೂ ತಗಡಿನ ಮೇಲೆ ಮಳೆ ಬಿದ್ದೊಡನೆ ಎದೆ ಹೊಡೆದುಕೊಳ್ಳುವುದು, ಕನಸಿನಲ್ಲಿ ಅದೇ ರಾತ್ರಿ ಮರಳಿ ಬರುವುದು, ಹೊಳೆಯ ದಾರಿ ಬಿಟ್ಟು ಸುತ್ತುಬಳಸಿ ನಡೆಯುವುದು, ಕಾರಣವಿಲ್ಲದೆ ಮಕ್ಕಳ ಮೇಲೆ ಸಿಡುಕುವುದು: ಇಂಥವರು ನಿಮ್ಮ ಓಣಿಯಲ್ಲಿಯೂ ಇದ್ದಾರು. ಮೊದಲ ಕೆಲವು ವಾರ ಇದು ಸಹಜ. ಹೆಚ್ಚಿನವರು ತಾವಾಗಿಯೇ ಚೇತರಿಸಿಕೊಳ್ಳುತ್ತಾರೆ. ತಿಂಗಳು ಮೀರಿಯೂ ಉಳಿದು ಬದುಕನ್ನು ಕೆಡಿಸಿದರೆ ಅದು ಕಾಯಿಲೆ. ಆಘಾತೋತ್ತರ ಒತ್ತಡವೆಂಬ ಈ ಕಾಯಿಲೆ ಅಮೆರಿಕದ ಮನೋವೈದ್ಯರ ರೋಗಪಟ್ಟಿಯನ್ನು ಸೇರಿದ್ದು 1980ರಲ್ಲಿ, ವಿಯೆಟ್ನಾಂ ಯುದ್ಧದಿಂದ ಮರಳಿದ ಸೈನಿಕರ ಸಂಕಟವನ್ನು ಕಂಡ ಬಳಿಕ. ಅಪಾಯ ಕಳೆದಿದ್ದರೂ ಮಿದುಳು ಅದನ್ನು ಕಳೆದುಹೋದದ್ದೆಂದು ನಂಬುವುದಿಲ್ಲ; ಎಚ್ಚರಿಕೆಯ ಗಂಟೆ ಬಾರಿಸುತ್ತಲೇ ಇರುತ್ತದೆ.

"ಎಲ್ಲಾರ ಮನಿಗೂ ಹೊಳಿ ಬಂದಿತ್ತು, ನಿನಗೊಬ್ಬಾಕಿಗೆ ಏನಾಗೇತಿ?" ಎಂದು ಮನೆಯವರು ಗದರುತ್ತಾರೆ. ಗಾಳಿ ಸೋಕಿದೆಯೆನ್ನುವವರುಂಟು. ನಮ್ಮವರೇ ಕೆಲವರು ವಿಶ್ವಾಸ ಸಾಲದೆನ್ನುತ್ತಾರೆ. ಈ ಕೊನೆಯ ಮಾತು ನನಗೆ ಸ್ವಲ್ಪವೂ ಒಪ್ಪಿಗೆಯಿಲ್ಲ. ಕಾಲು ಮುರಿದವನಿಗೆ ನಾವು ಹಾಗೆ ಹೇಳುತ್ತೇವೆಯೇ?

ಅರಸುಗಳ ಮೊದಲನೆಯ ಗ್ರಂಥದ 19ನೆಯ ಅಧ್ಯಾಯವನ್ನು ನಿಧಾನವಾಗಿ ಓದಿರಿ. ಜೀವಭಯದಿಂದ ಓಡಿಬಂದ ಪ್ರವಾದಿ ಎಲೀಯ ಅರಣ್ಯದ ಗಿಡವೊಂದರ ಕೆಳಗೆ ಕುಳಿತು ಸಾವನ್ನು ಬೇಡುತ್ತಾನೆ. ದೇವದೂತನು ಅವನಿಗೆ ಬೋಧನೆ ಮಾಡುವುದಿಲ್ಲ, ಏನಾಯಿತೆಂದೂ ಕೇಳುವುದಿಲ್ಲ. ರೊಟ್ಟಿ, ನೀರು, ನಿದ್ದೆ. ಮತ್ತೆ ರೊಟ್ಟಿ, ನೀರು. 'ಇಲ್ಲೇನು ಮಾಡುತ್ತಿರುವೆ' ಎಂಬ ಪ್ರಶ್ನೆ ಬರುವುದು ನಲವತ್ತು ದಿನಗಳ ಪ್ರಯಾಣದ ನಂತರ, ಹೋರೇಬ್ ಬೆಟ್ಟದಲ್ಲಿ. ಅಲ್ಲಿ ಅವನು ತನ್ನ ನೋವನ್ನು ಅವೇ ಮಾತುಗಳಲ್ಲಿ ಎರಡು ಸಲ ಹೇಳಿಕೊಳ್ಳುತ್ತಾನೆ. ದೇವರು ಎರಡು ಸಲವೂ ಆಲಿಸುತ್ತಾರೆ.

ಇಂದಿನ ವೈದ್ಯರೂ ಇದಕ್ಕೆ ಹತ್ತಿರದ ಮಾತನ್ನೇ ಹೇಳುತ್ತಾರೆ. ದುರಂತದ ಮರುದಿನವೇ ಕೆದಕಿ ಕೆದಕಿ ಹೇಳಿಸುವುದರಿಂದ ಪ್ರಯೋಜನವಿಲ್ಲ; ಕೆಲವರಿಗೆ ಹಾನಿಯೂ ಆದೀತು. ಆಸರೆ, ಅನ್ನ, ನಿದ್ದೆ, ತನ್ನವರ ಸಾಮೀಪ್ಯ ಮೊದಲು. ಕಾಯಿಲೆ ನೆಲೆಯೂರಿದ್ದರೆ ಪರಿಣತ ಆಪ್ತಸಮಾಲೋಚಕರ ಎದುರು ಆ ನೆನಪನ್ನು ವಾರವಾರವೂ ಸ್ವಲ್ಪಸ್ವಲ್ಪವಾಗಿ ಎದುರಿಸುವ ಚಿಕಿತ್ಸೆಯಿದೆ. ಅಗತ್ಯವಿದ್ದವರಿಗೆ ಮಾತ್ರೆಗಳೂ ಇವೆ. ಮದ್ಯ ಮಾತ್ರ ಔಷಧವಲ್ಲ, ಗಂಡಸರು ಅದನ್ನೇ ಮೊದಲು ಹುಡುಕುತ್ತಾರೆ. ಪ್ರಾರ್ಥನೆ ಇವೆಲ್ಲದರ ಜೊತೆಗಿರಲಿ, ಇವುಗಳ ಬದಲಿಗೆ ಬೇಡ.

ಇದಕ್ಕಾಗಿ ದೂರದ ಬೆಂಗಳೂರಿಗೇ ಹೋಗಬೇಕೆಂದಿಲ್ಲ. 1980ರ ದಶಕದಲ್ಲಿ ನಿಮ್ಹಾನ್ಸ್ ಸಂಸ್ಥೆಯು ಬಳ್ಳಾರಿಯಲ್ಲಿ ರೂಪಿಸಿದ ಮಾದರಿಯಿಂದಲೇ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ದೇಶಕ್ಕೆಲ್ಲ ಹಬ್ಬಿತು. ನಮ್ಮ ಜಿಲ್ಲಾ ಆಸ್ಪತ್ರೆಯಲ್ಲಿ ವಿಚಾರಿಸಿರಿ. 2022ರಲ್ಲಿ ಆರಂಭವಾದ ಟೆಲಿ-ಮಾನಸ್ ಸೇವೆಯ 14416 ಸಂಖ್ಯೆಗೆ ಹಗಲಿರುಳು ಉಚಿತವಾಗಿ ಕರೆ ಮಾಡಿ ಕನ್ನಡದಲ್ಲಿಯೇ ಮಾತನಾಡಬಹುದು. ಮೊದಲ ಸಲ ಕರೆ ಮಾಡಲು ಅಂಜುವವರ ಪಕ್ಕದಲ್ಲಿ ನೀವು ಕುಳಿತುಕೊಳ್ಳಿರಿ.