ಮೊಮ್ಮಗಳ ಮೊದಲ ಹಬ್ಬಗಳು

ನನ್ನ ಬಳಿ ಸಮಾಜ ವಿಜ್ಞಾನ ಓದಿದವರಿಗೆ ನೆನಪಿರಬಹುದು, ‘ವಿವಿಧತೆಯಲ್ಲಿ ಏಕತೆ’ ಎಂಬ ಪಾಠವನ್ನು ನಾನು ಬಹಳ ಉತ್ಸಾಹದಿಂದ ಮಾಡುತ್ತಿದ್ದೆ. ಅದೇ ಪಾಠದಲ್ಲಿ ಮೇಷ್ಟ್ರು ಎಷ್ಟು ಅಂಕ ಪಡೆದರು ಎಂಬುದನ್ನು ಈ ಸಲ ಬರೆಯಬೇಕೆನಿಸಿದೆ.

2021ರಲ್ಲಿ ನಮ್ಮ ಮಗಳು ಬೆಂಗಳೂರಿನಲ್ಲಿ ತನ್ನ ಸಹೋದ್ಯೋಗಿಯಾಗಿದ್ದ ಮಂಗಳೂರಿನ ಕೊಂಕಣಿ ಕ್ರೈಸ್ತ ತರುಣನನ್ನು ವಿವಾಹವಾದಳು. 1954ರ ವಿಶೇಷ ವಿವಾಹ ಕಾಯ್ದೆಯ ಪ್ರಕಾರ ಮೂವತ್ತು ದಿನ ಮುಂಚಿತವಾಗಿ ನೋಟಿಸು ಕೊಡಬೇಕು, ಅದನ್ನು ಕಚೇರಿಯಲ್ಲಿ ಎಲ್ಲರಿಗೂ ಕಾಣುವಂತೆ ಅಂಟಿಸುತ್ತಾರೆ. ಇದನ್ನು ತರಗತಿಯಲ್ಲಿ ನಾನೇ ಹೇಳಿಕೊಟ್ಟಿದ್ದೆ. ಹಾಗೆ ಹೇಳಿಸಿಕೊಂಡವನೊಬ್ಬ ಆ ನೋಟಿಸನ್ನು ನೋಡಿ ನನಗೆ ದೂರವಾಣಿ ಮಾಡಿದ. ಮಗಳು ಮೊದಲೇ ತಿಳಿಸಿದ್ದಳು, ನಾನು ನಂಬಿರಲಿಲ್ಲ ಅಷ್ಟೆ. ವಿವಾಹಕ್ಕೆ ನಾವು ಹೋಗಲಿಲ್ಲ. ‘ನಾವು’ ಎಂದು ಬರೆಯುವುದು ಸುಳ್ಳು. ನಾನು ಹೋಗಲಿಲ್ಲ, ನನ್ನಾಕೆಯನ್ನೂ ಹೋಗಗೊಡಲಿಲ್ಲ.

ಆ ವರ್ಷದ ಗೌರಿ ಹಬ್ಬಕ್ಕೆ ನನ್ನಾಕೆ ಎಂದಿನಂತೆ ಮೊರಗಳನ್ನು ತಂದು ಅರಿಶಿನ ಬಳಿದು ಒಣಗಿಸಿದಳು. ಅಕ್ಕಿ, ಬೇಳೆ, ಬೆಲ್ಲ, ಬಳೆ, ಕನ್ನಡಿ, ಬಾಚಣಿಗೆ, ರವಿಕೆ ಕಣ ಎಲ್ಲವನ್ನೂ ಜೋಡಿಸಿದಳು. ತವರಿನ ಬಾಗಿನವಿಲ್ಲದ ಮೊದಲ ಗೌರಿ ಹೆಣ್ಣುಮಗಳಿಗೆ ಏನೆಂಬುದನ್ನು ನಮ್ಮ ಸೀಮೆಯವರಿಗೆ ವಿವರಿಸಬೇಕಾಗಿಲ್ಲ. “ಕಳುಹಿಸುವುದು ಬೇಡ” ಎಂದೆ. ಅವಳು ವಾದಿಸಲಿಲ್ಲ. ಆ ಮೊರಗಳನ್ನು ಅಟ್ಟದ ಮೇಲಿಟ್ಟಳು. ಮರುವರ್ಷವೂ ಹಾಗೆಯೇ, ಅದರ ಮರುವರ್ಷವೂ ಹಾಗೆಯೇ. ಮೂರು ವರ್ಷಗಳ ಬಾಗಿನ ನಮ್ಮ ಅಟ್ಟದ ಮೇಲೆ ಕುಳಿತಿದ್ದವು.

2024ರ ಮಾರ್ಚ್‌ನಲ್ಲಿ ಮೊಮ್ಮಗಳು ಹುಟ್ಟಿದಳು. “ಬಾಣಂತನ ನನ್ನ ಮನೆಯಲ್ಲೇ ಆಗಬೇಕು. ನಿಮಗೆ ಆಗದಿದ್ದರೆ ನೀವು ಎಲ್ಲಾದರೂ ಇದ್ದು ಬನ್ನಿ” ಎಂದು ನನ್ನಾಕೆ ಹೇಳಿದಾಗ ಎದುರಾಡುವ ಧೈರ್ಯ ನನಗಿರಲಿಲ್ಲ. ಎಣ್ಣೆ ನೀರು, ಸಾಂಬ್ರಾಣಿ ಹೊಗೆ, ತೊಟ್ಟಿಲು ಶಾಸ್ತ್ರ ಎಲ್ಲವೂ ಕುಣಿಗಲ್ಲಿನಲ್ಲಿಯೇ ನಡೆದವು. ಅಳಿಯನೊಡನೆ ಮೊದಲ ಬಾರಿಗೆ ಕುಳಿತು ಮಾತನಾಡಿದ್ದೂ ಆಗಲೇ.

ಆ ವರ್ಷದ ಪಂಚಾಂಗವೇ ವಿಚಿತ್ರವಾಗಿತ್ತು. ಸೆಪ್ಟೆಂಬರ್ 6ರ ಶುಕ್ರವಾರ ಗೌರಿ, 7ರ ಶನಿವಾರ ಗಣೇಶ, 8ರ ಭಾನುವಾರ ಬೀಗರ ಮನೆಯ ಮೊಂತಿ ಹಬ್ಬ. ಗೌರಿ ಗಣೇಶರು ತಿಥಿಯನ್ನು ಅನುಸರಿಸಿ ತಿರುಗುವವರು; ಮರಿಯ ಮಾತೆಯ ಜನ್ಮದಿನವಾದ ಮೊಂತಿ ಮಾತ್ರ ಪ್ರತಿವರ್ಷ 8ಕ್ಕೇ ನಿಲ್ಲುತ್ತದೆ. ಮೂರೂ ಒಂದಾದ ಮೇಲೊಂದು ಬಂದವು. ಶುಕ್ರವಾರ ಮಗಳಿಗೆ ಒಂದಲ್ಲ, ನಾಲ್ಕು ವರ್ಷದ ಬಾಗಿನ. ಅಟ್ಟದ ಅಕ್ಕಿಗೆ ಹುಳು ಬಿದ್ದಿದ್ದರಿಂದ ಹೊಸದಾಗಿ ತುಂಬಿದೆವು, ಮೊರಗಳು ಮಾತ್ರ ಹಳೆಯವೇ. ಅವನ್ನು ಇಳಿಸಿಕೊಟ್ಟವನು ನಾನು. ಮಗಳು ಸೆರಗು ಹಿಡಿದು ನಾಲ್ಕನ್ನೂ ಸ್ವೀಕರಿಸಿದಳು, ನನ್ನ ಕಡೆ ನೋಡಲಿಲ್ಲ. ಶನಿವಾರ ಸಂಜೆ ಗಣಪನನ್ನು ದೊಡ್ಡಕೆರೆಯಲ್ಲಿ ಬಿಟ್ಟು, ಅಳಿಯನ ಕಾರಿನಲ್ಲಿ ಸುಮಾರು 280 ಕಿಲೋಮೀಟರು, ಶಿರಾಡಿ ಘಾಟಿಯ ಕತ್ತಲಲ್ಲಿ ಇಳಿದು ಮಂಗಳೂರು ಸೇರಿದೆವು.

ಮಾಂಸದ ಅಡುಗೆಯ ಮನೆಯಲ್ಲಿ ಊಟ ಹೇಗೆಂಬುದೇ ದಾರಿಯುದ್ದಕ್ಕೂ ನನ್ನ ಚಿಂತೆ. ಆದರೆ ಮೊಂತಿ ಹಬ್ಬದ ಊಟ ಸಂಪ್ರದಾಯದಂತೆ ಸಸ್ಯಾಹಾರವೇ! ಬಾಳೆಲೆ, ಹರಿವೆ, ಹೀರೆ, ಬೆಂಡೆ, ಅಂಬಟೆಕಾಯಿ ಹಾಕಿದ ಕೆಸುವಿನ ಪಲ್ಯ, ತೆಂಗಿನ ಹಾಲಿನಲ್ಲಿ ಬೆಲ್ಲ ಬೇಳೆ ಬೇಯಿಸಿದ ‘ವೊರ್ನ್’ ಎಂಬ ಪಾಯಸ. ಬೆಳಿಗ್ಗೆ ಇಗರ್ಜಿಯಲ್ಲಿ ಆಶೀರ್ವದಿಸಿದ ಹೊಸ ಭತ್ತದ ತೆನೆಯನ್ನು ಮನೆಗೆ ತಂದು, ಕಾಳು ಸುಲಿದು ಪುಡಿಮಾಡಿ ಸಿಹಿಯೊಡನೆ ಬೆರೆಸಿ, ಪ್ರಾರ್ಥನೆಯ ನಂತರ ಮನೆಯ ಹಿರಿಯರು ಎಲ್ಲರಿಗೂ ಹಂಚುತ್ತಾರೆ. ಕೊಡಗಿನ ಪುತ್ತರಿಯೂ ತುಳುವರ ತೆನೆ ಹಬ್ಬವೂ ಇದೇ ಅಲ್ಲವೆ ಎಂದು ನನ್ನೊಳಗಿನ ಮೇಷ್ಟ್ರು ಲೆಕ್ಕ ಹಾಕುತ್ತಿದ್ದಾಗ ಬೀಗಿತ್ತಿಯವರು ಆ ಬಟ್ಟಲನ್ನು ತಂದು ನನ್ನ ಮುಂದೆ ಹಿಡಿದರು. ಅವರ ಯಜಮಾನರು ತೀರಿಕೊಂಡು ಕೆಲವು ವರ್ಷಗಳಾಗಿವೆ.

“ನೀವೇ ಕೊಡಿ ಮಾಸ್ಟ್ರೇ. ಇವತ್ತು ಈ ಮನೆಯಲ್ಲಿ ಹಿರಿಯರು ನೀವೇ ಅಲ್ವಾ?”

ಮಗನ ಮದುವೆಗೆ ಬಾರದವನ ಕೈಗೆ ಮನೆಯ ಹೊಸ ಅಕ್ಕಿಯನ್ನು ಕೊಟ್ಟರು. ಹಂಚಿದೆ. ಕೈ ನಡುಗಿತೆಂದು ನನ್ನಾಕೆ ಆಮೇಲೆ ಹೇಳಿದಳು. ಮಗುವಿನ ತುಟಿಗೆ ಒಂದಿಷ್ಟು ಮುಟ್ಟಿಸಿದೆ. ಅವಳು ಮುಖ ಹಿಂಡಿದಳು.

ಇಷ್ಟು ಹೇಳಿ ಎಲ್ಲ ಸುಖಮಯವಾಯಿತೆಂದರೆ ಅದು ಸಿನಿಮಾ ಕಥೆಯಾದೀತು. ಮಗುವಿಗೆ ಜ್ಞಾನಸ್ನಾನ ಮಾಡಿಸಬೇಕೆಂಬುದು ಬೀಗಿತ್ತಿಯವರ ಆಸೆ. ಮಗಳೂ ಅಳಿಯನೂ ಒಪ್ಪಲಿಲ್ಲ, ಬೆಳೆದ ಮೇಲೆ ಅವಳೇ ತೀರ್ಮಾನಿಸಲಿ ಎಂದರು. ನ್ಯಾಯವಾದ ಮಾತೆಂದು ನಾನೂ ತಲೆಯಾಡಿಸಿದೆ. ತಿಂಗಳುಗಳ ನಂತರ ಹೊಳೆದದ್ದೆಂದರೆ, ಆ ನ್ಯಾಯದಲ್ಲಿ ನಷ್ಟವಾದದ್ದು ಒಂದು ಕಡೆಗೆ ಮಾತ್ರ. ತೊಟ್ಟಿಲು ಶಾಸ್ತ್ರಕ್ಕೆ ಯಾರೂ ‘ಬೆಳೆದ ಮೇಲೆ ನೋಡೋಣ’ ಎನ್ನಲಿಲ್ಲ. ನಮ್ಮದು ಶಾಸ್ತ್ರ, ಸಂಪ್ರದಾಯ ಎಂಬ ಹೆಸರಿನಲ್ಲಿ ಸದ್ದಿಲ್ಲದೆ ನಡೆದುಹೋಗುತ್ತದೆ. ಅವರದಕ್ಕೆ ಇಗರ್ಜಿಯ ದಾಖಲೆ ಪುಸ್ತಕದಲ್ಲಿ ಹೆಸರು ಬರೆಯಬೇಕು, ಆದ್ದರಿಂದ ಅದು ಮತವೆನಿಸಿಕೊಳ್ಳುತ್ತದೆ. ಈ ಮಾತನ್ನು ಮಗಳಿಗೆ ಹೇಳಿದೆ. “ಅಪ್ಪಾ, ನೀವು ಈಗ ಅತ್ತೆಯ ವಕೀಲರಾ?” ಎಂದು ನಕ್ಕಳು. ವಿಷಯ ಅಲ್ಲಿಗೇ ನಿಂತಿದೆ.

ಕ್ರಿಸ್‌ಮಸ್ಸಿಗೆ ಬೆಂಗಳೂರಿನ ಅವರ ಮನೆಗೆ ಹೋದೆವು. ಬೀಗಿತ್ತಿಯವರು ಡಬ್ಬಿಗಟ್ಟಲೆ ‘ಕುಸ್ವಾರ್’ ತಂದಿದ್ದರು. ಅದರೊಳಗಿನ ‘ನೆವ್ರ್ಯೊ’ವನ್ನು ಮುರಿದು ನೋಡಿ ನನ್ನಾಕೆ “ಇದು ನಮ್ಮ ಕರ್ಜಿಕಾಯಿ!” ಎಂದಳು. ಚಕ್ಕುಲಿಯಂತೂ ಚಕ್ಕುಲಿಯೇ. ನಮಗೆಂದು ಮೊಟ್ಟೆಯಿಲ್ಲದ ಕೇಕನ್ನು ಬೇರೆ ಮಾಡಿದ್ದರು. ಅದು ಚೆನ್ನಾಗಿರಲಿಲ್ಲ, ಎರಡು ತುಂಡು ತಿಂದೆ. ಗೋದಲಿ ಕಟ್ಟುವಾಗ ನನ್ನಾಕೆ ದಸರಾ ಗೊಂಬೆಗಳ ಪೆಟ್ಟಿಗೆಯಿಂದ ತಂದಿದ್ದ ಮಣ್ಣಿನ ಹಸುಕರುವನ್ನು ಬಾಲಯೇಸುವಿನ ಪಕ್ಕದಲ್ಲಿರಿಸಿದಳು. ಚನ್ನಪಟ್ಟಣದ ಮರದ ಕುದುರೆಯೊಂದನ್ನು ನಾನಿಟ್ಟೆ. ಕುದುರೆ ಫಾರಮ್ಮಿನ ಊರಿನವರು ಬಂದೂ ಗೋದಲಿಯಲ್ಲಿ ಕುದುರೆ ಇಲ್ಲದಿದ್ದರೆ ಹೇಗೆ?

2025ರ ಜನವರಿ 14ರ ಸಂಕ್ರಾಂತಿಗೆ ಬೀಗಿತ್ತಿಯವರು ಕುಣಿಗಲ್ಲಿಗೆ ಬಂದರು. ಮೊದಲ ಸಂಕ್ರಾಂತಿಯ ಮಗುವಿಗೆ ಹಣ್ಣೆರೆಯಬೇಕಲ್ಲ. ಎಲಚಿ ಹಣ್ಣು, ಕಬ್ಬಿನ ಚೂರು, ಚಿಲ್ಲರೆ ಕಾಸು ಬೆರೆಸಿ ಪಾತ್ರೆಯಲ್ಲಿಟ್ಟು, ಹಸೆಯ ಮೇಲೆ ಮಗುವನ್ನು ಕೂರಿಸಿದೆವು. ಬೀದಿಯ ಮಕ್ಕಳು ಆಯ್ದುಕೊಳ್ಳಲು ಸುತ್ತಲೂ ಕಾದಿದ್ದರು. ಮೊದಲು ಎರೆಯುವುದಕ್ಕೆ ನನ್ನಾಕೆ ಬೀಗಿತ್ತಿಯವರನ್ನು ಕರೆದಳು. “ಮುತ್ತೈದೆಯರು ಎರೆಯುವುದು ಪದ್ಧತಿ” ಎಂದು ನಮ್ಮ ಅಕ್ಕ ಮೆಲ್ಲನೆ ಅಂದಳು. (ಅಕ್ಕ ಇದನ್ನು ಓದುತ್ತಾಳೆಂದು ಬಲ್ಲೆ. ಬರೆಯದೆ ಬಿಟ್ಟರೆ ನನ್ನ ತಪ್ಪುಗಳನ್ನು ಮಾತ್ರ ಬರೆದೆನೆಂದು ಕೋಪಿಸಿಕೊಂಡಾಳು.) ಬೀಗಿತ್ತಿಯವರಿಗೆ ಕೇಳಿಸಿತು, ಹಿಂದೆ ಸರಿದರು. ನಾನು ಪಾತ್ರೆಯನ್ನೆತ್ತಿ ಅವರ ಮುಂದೆ ಹಿಡಿದೆ.

“ನೀವೇ ಎರೆಯಿರಿ. ಮೊಂತಿ ಹಬ್ಬದ ದಿನ ನಾನು ಹಂಚಲಿಲ್ಲವೆ?”

ಎರೆದರು. ಹಣ್ಣುಗಳು ತಲೆಯಿಂದ ಉರುಳಿದವು, ಬೀದಿಯ ಮಕ್ಕಳು ಮುಗಿಬಿದ್ದರು. ಈ ಗದ್ದಲದಲ್ಲಿ ಮೊಮ್ಮಗಳು ಒಂದು ಎಲಚಿ ಹಣ್ಣನ್ನು ಹಿಡಿದು ನೇರವಾಗಿ ಬಾಯಿಗೆ ಹಾಕಿಕೊಂಡಳು. ಗಟ್ಟಿ ಬೀಜದ ಹಣ್ಣು! ಇಬ್ಬರು ಅಜ್ಜಿಯರೂ ಒಟ್ಟಿಗೇ ಧಾವಿಸಿ ಬಾಯೊಳಗೆ ಬೆರಳಿಟ್ಟರು. ಆಗಷ್ಟೇ ಎರಡು ಹಲ್ಲು ಮೂಡಿದ್ದವು. ಕಚ್ಚಿಸಿಕೊಂಡವರು ಬೀಗಿತ್ತಿ, ಹಣ್ಣನ್ನು ಹೊರತೆಗೆದವಳು ನನ್ನಾಕೆ.